ಮುರಿದ ಪ್ಲಗ್ಗು, ದುಬಾರಿ ರಿಪೇರಿ: ಒಂದು ಕಿಡಿಯ ಚರಿತ್ರೆ

ನಿಪ್ಪಾಣಿಯಿಂದ ಚಿಕ್ಕೋಡಿಗೆ ಕಾರಿನಲ್ಲಿ ಹೊರಟಿದ್ದೀರಿ ಎಂದುಕೊಳ್ಳಿ. ಊರು ದಾಟುವಷ್ಟರಲ್ಲಿ ಎಂಜಿನ್ ಮುಗ್ಗರಿಸತೊಡಗುತ್ತದೆ. ಆಕ್ಸಿಲರೇಟರ್ ಒತ್ತಿದರೂ ಗಾಡಿ ಎಳೆಯುವುದಿಲ್ಲ, ನಿಲ್ಲಿಸಿದರೆ ಮೈಯೆಲ್ಲ ನಡುಗುತ್ತದೆ. ರಸ್ತೆ ಬದಿಯ ಗ್ಯಾರೇಜಿನ ಮಿಸ್ತ್ರಿ ಬಾನೆಟ್ ಎತ್ತಿ, ಸ್ವಲ್ಪ ಹೊತ್ತು ಕಿವಿಗೊಟ್ಟು, "ಒಂದು ಸಿಲಿಂಡರ್ ಕೆಲಸಾ ಮಾಡವಲ್ದುರೀ, ಪ್ಲಗ್ ತಗದು ನೋಡಬೇಕು" ಎನ್ನುತ್ತಾನೆ. ಪಾನಾ ಹಾಕಿ ತಿರುಗಿಸುತ್ತಾನೆ. ಟಕ್ ಎಂದು ಸದ್ದಾಗುತ್ತದೆ. ಕೈಗೆ ಬಂದದ್ದು ಅರ್ಧ ಪ್ಲಗ್ ಮಾತ್ರ! ಇನ್ನರ್ಧ ಎಂಜಿನ್ನಿನ ಹೆಡ್ಡಿನಲ್ಲೇ ಉಳಿದಿದೆ.

ಸಾಮಾನ್ಯ ಪ್ಲಗ್ಗಿನ ಬೆಲೆ ನೂರಿನ್ನೂರು ರೂಪಾಯಿ. ಆದರೆ ಒಳಗೆ ಉಳಿದ ಆ ತುಂಡನ್ನು ಹೊರತೆಗೆಯಲು ಹೆಡ್ ಬಿಚ್ಚಬೇಕಾಗಿ ಬಂದರೆ ಖರ್ಚು ಸಾವಿರಗಳಲ್ಲಿ. ಹಿಂದೆ ಲೂನಾ, ರಾಜದೂತ್, ಯೆಜ್ಡಿ ಓಡಿಸುತ್ತಿದ್ದ ನಿಮ್ಮ ತಂದೆಯವರನ್ನೋ ಶಾಲೆಯ ಹಿರಿಯ ಮೇಷ್ಟ್ರನ್ನೋ ಕೇಳಿ ನೋಡಿ. ಅವರು ಪ್ಲಗ್ಗನ್ನು ನೂರಾರು ಸಲ ಬಿಚ್ಚಿ ಹಾಕಿರುತ್ತಾರೆ. ಅದು ಒಳಗೇ ಮುರಿದುಕೊಂಡ ಕತೆ ಮಾತ್ರ ಅವರಲ್ಲಿ ಅಪರೂಪ. ಮೊದಲಿಗಿಂತ ಎಷ್ಟೋ ಉತ್ತಮವಾಗಿರುವ ಪ್ಲಗ್ ಈಗ ಹೀಗೇಕೆ ಕಾಡುತ್ತದೆ? ಇದಕ್ಕೆ ಉತ್ತರ ಬೇಕಾದರೆ ಪ್ಲಗ್ಗಿನ ಚರಿತ್ರೆಯನ್ನು ಸ್ವಲ್ಪ ತಿರುವಿ ಹಾಕಬೇಕು.

ಮೊದಲು ಅದರ ಕೆಲಸ ಎಂಥದ್ದೆಂದು ನೋಡೋಣ. ಸಿಲಿಂಡರಿನಲ್ಲಿ ಒತ್ತಿ ಹಿಡಿದ ಪೆಟ್ರೋಲ್ ಆವಿ ಮತ್ತು ಗಾಳಿಯ ಮಿಶ್ರಣಕ್ಕೆ ಸರಿಯಾದ ಗಳಿಗೆಯಲ್ಲಿ ಕಿಡಿ ಹೊತ್ತಿಸಬೇಕು. ಸಾಮಾನ್ಯ ಗಾಳಿಯಲ್ಲಿ 1 ಮಿ.ಮೀ. ಅಂತರವನ್ನು ಕಿಡಿ ಜಿಗಿಯಲು ಸುಮಾರು 3,000 ವೋಲ್ಟ್ ಬೇಕು ಎಂದು ನೀವು ಓದಿರಬಹುದು. ಸಿಲಿಂಡರಿನ ಒಳಗೆ ಗಾಳಿ ಒತ್ತಿಕೊಂಡಿರುವುದರಿಂದ ಅಷ್ಟೇ ಅಂತರಕ್ಕೆ ಹತ್ತಾರು ಸಾವಿರ ವೋಲ್ಟ್ ಬೇಕಾಗುತ್ತದೆ. ಈ ವಿದ್ಯುತ್ತು ಮಧ್ಯದ ವಿದ್ಯುದಗ್ರದ ತುದಿಯಿಂದಲೇ ಜಿಗಿಯಬೇಕು, ದಾರಿಯಲ್ಲೆಲ್ಲೂ ಸೋರಬಾರದು. ಅದನ್ನು ತಡೆಯುವುದು ನೀವು ಕಾಣುವ ಆ ಬಿಳಿಯ ಪಿಂಗಾಣಿ. ಕಿಡಿ ಹೊತ್ತಿದೊಡನೆ ಪಿಂಗಾಣಿಯ ಮೂಗಿನ ಮುಂದೆ 2,000 ಡಿಗ್ರಿ ಸೆಲ್ಸಿಯಸ್ ಮೀರಿದ ಜ್ವಾಲೆ. ಮರುಕ್ಷಣವೇ ಹೊರಗಿನ ತಣ್ಣನೆಯ ಗಾಳಿ. ನಿಮಿಷಕ್ಕೆ 3,000 ಸುತ್ತು ತಿರುಗುವ ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಇದು ಸೆಕೆಂಡಿಗೆ 25 ಸಲ ನಡೆಯುತ್ತದೆ! ಚಹಾ ಕಪ್ಪಿಗೆ ಕುದಿಯುವ ನೀರು ಸುರಿದರೇ ಬಿರುಕು ಬಿಡುವುದುಂಟು. ಪ್ಲಗ್ಗಿನ ಪಾಡನ್ನು ಊಹಿಸಿಕೊಳ್ಳಿ.

ಎತಿಯನ್ ಲೆನ್ವಾರ್ 1860ರಲ್ಲಿ ಪ್ಯಾರಿಸ್ಸಿನಲ್ಲಿ ರೂಪಿಸಿದ ಅನಿಲ ಎಂಜಿನ್ನಿನಲ್ಲಿಯೇ ಪ್ರೇರಣಾ ಸುರುಳಿಯಿಂದ ಹುಟ್ಟಿದ ವಿದ್ಯುತ್ ಕಿಡಿ ಬಳಕೆಯಾಗಿತ್ತು. ಆದರೆ ಕಿಡಿಯನ್ನು ನಂಬುವುದು ಕಷ್ಟವಾಗಿತ್ತು. ಬ್ಯಾಟರಿ ಬೇಗ ಇಳಿಯುತ್ತಿತ್ತು, ತಂತಿಯ ಹೊದಿಕೆ ಸವೆಯುತ್ತಿತ್ತು. ಹೀಗಾಗಿ ಆ ಶತಮಾನದ ಅನೇಕ ಎಂಜಿನ್ನುಗಳು ಕಾಯಿಸಿದ ಕೊಳವೆಯ ಬಿಸಿಯಿಂದಲೇ ಮಿಶ್ರಣವನ್ನು ಹೊತ್ತಿಸುತ್ತಿದ್ದವು.

ಕಾರಿನ ರಿಪೇರಿ ಕಾರಿನಷ್ಟೇ ಹಳೆಯದು. 1888ರ ಆಗಸ್ಟಿನಲ್ಲಿ ಜರ್ಮನಿಯ ಬರ್ಥಾ ಬೆಂಜ್ ತನ್ನ ಗಂಡ ಕಾರ್ಲ್ ಬೆಂಜ್ ತಯಾರಿಸಿದ ಮೂರು ಗಾಲಿಯ ವಾಹನದಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಗಂಡನಿಗೆ ಹೇಳದೆಯೇ, ಮಾನ್‌ಹೈಮ್‌ನಿಂದ ಪ್ಫೋರ್ಟ್ಸ್‌ಹೈಮ್‌ಗೆ ಹೊರಟಳು. ದೂರ ಸುಮಾರು 100 ಕಿ.ಮೀ. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಿತು. ಟೋಪಿಯ ಪಿನ್ನಿನಿಂದ ಬಿಡಿಸಿದಳು. ಕಿಡಿಯ ತಂತಿ ಹೊದಿಕೆ ಕಳೆದುಕೊಂಡು ಸೋರತೊಡಗಿತು. ಕಾಲುಚೀಲದ ಪಟ್ಟಿಯನ್ನೇ ಅದಕ್ಕೆ ಸುತ್ತಿದಳು. ಬ್ರೇಕಿನ ಮರದ ತುಂಡು ಸವೆದಾಗ ಚಮ್ಮಾರನಿಂದ ಅದಕ್ಕೆ ಚರ್ಮ ಹೊಡೆಸಿದಳು. (ಅಥಣಿಯ ಚರ್ಮದ ಕುಶಲಕರ್ಮಿಗಳಿಗೆ ಈ ಕತೆ ಹಿಡಿಸಬಹುದು.) ಲೋಕದ ಮೊದಲ ದೂರಪ್ರಯಾಣದಲ್ಲೇ ಕಿಡಿಯ ದೋಷ ಕಾಣಿಸಿಕೊಂಡಿತು, ರಸ್ತೆಯಲ್ಲೇ ದುರಸ್ತಿಯಾಯಿತು, ಖರ್ಚೂ ಇರಲಿಲ್ಲ.

ಅದೇ 1888ರಲ್ಲಿ ನಮ್ಮ ಬೆಳಗಾವಿಯಲ್ಲಿ ಇನ್ನೊಂದು ದುರಸ್ತಿ ಕೆಲಸ ಆರಂಭವಾಗಿತ್ತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಸೈಕಲ್ ಮಾರಾಟ ಮತ್ತು ರಿಪೇರಿಯ ಅಂಗಡಿಯೊಂದಿಗೆ ತಮ್ಮ ಉದ್ಯಮದ ಬೀಜ ಹಾಕಿದರು. ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಅನಂತರ ಬಂದವು. 1910ರಲ್ಲಿ ಕಾರ್ಖಾನೆ ಔಂಧ್ ಸಂಸ್ಥಾನದ ಕುಂಡಲ್ ರೋಡಿಗೆ, ಎಂದರೆ ಮಿರಜ್‌ನಿಂದ ಪುಣೆಗೆ ಹೋಗುವ ರೈಲುದಾರಿಯಲ್ಲಿರುವ ಈಗಿನ ಕಿರ್ಲೋಸ್ಕರವಾಡಿಗೆ ಸ್ಥಳಾಂತರವಾಯಿತು. ಕಾಗವಾಡದಿಂದ ಮಿರಜ್ ಕೂಗಳತೆಯ ದೂರ. ಕೃಷ್ಣಾ, ದೂಧಗಂಗಾ, ವೇದಗಂಗಾ ದಂಡೆಗಳ ಊರುಗಳಿಗೆ ಎಂಜಿನ್, ಪಂಪು, ಲೇತು ಹೊಸತಾಗಿ ಉಳಿಯದಿರಲು ಈ ನೆರೆಹೊರೆಯೂ ಕಾರಣ. ರಾಯಬಾಗ 1949ರವರೆಗೆ ಕೊಲ್ಹಾಪುರ ಸಂಸ್ಥಾನದಲ್ಲಿತ್ತು. ಚಿಕ್ಕೋಡಿ, ಅಥಣಿ 1956ರವರೆಗೆ ಮುಂಬಯಿ ರಾಜ್ಯದಲ್ಲಿದ್ದವು. ನಿಪ್ಪಾಣಿ ಮತ್ತು ಕಾಗವಾಡ ಆಗ ಈ ತಾಲ್ಲೂಕುಗಳೊಳಗಿನ ಊರುಗಳು. ಸ್ಪ್ಯಾನರಿಗೆ 'ಪಾನಾ', ತಿರುಪಿನ ಸುತ್ತಿಗೆ 'ಆಟೆ', ಕೊಳೆಗೆ 'ಕಚರಾ' ಎಂಬ ಮರಾಠಿ ಬೆರೆತ ಮಾತುಗಳು ಇಲ್ಲಿನ ಗ್ಯಾರೇಜುಗಳಲ್ಲಿ ಸಹಜವಾಗಿ ಓಡಾಡುವುದು ಹೀಗೆ. ಈ ಲೇಖನದಲ್ಲೂ ತಿರುಪಿನ ಸುತ್ತನ್ನು ಆಟೆ ಎಂದೇ ಕರೆಯೋಣ.

ಮತ್ತೆ ಪ್ಲಗ್ಗಿಗೆ ಬರೋಣ. 1902ರಲ್ಲಿ ಜರ್ಮನಿಯ ಬಾಷ್ ಸಂಸ್ಥೆಯ ಎಂಜಿನಿಯರ್ ಗಾಟ್ಲೋಬ್ ಹೋನೋಲ್ಡ್ ಅಧಿಕ ವೋಲ್ಟೇಜಿನ ಮ್ಯಾಗ್ನೆಟೊ ಮತ್ತು ಅದಕ್ಕೆ ಹೊಂದುವ ಸ್ಪಾರ್ಕ್ ಪ್ಲಗ್ಗನ್ನು ಸಿದ್ಧಪಡಿಸಿದ. ಬ್ಯಾಟರಿಯ ಹಂಗು ತಪ್ಪಿತು. ಅಲ್ಲಿಂದ ಮುಂದಿನ ಮೂವತ್ತು ವರ್ಷದ ಚರಿತ್ರೆ ಬಹುಮಟ್ಟಿಗೆ ಅವಾಹಕದ ಹುಡುಕಾಟ. ಪಿಂಗಾಣಿ ಬಿಸಿಗೆ ಸೀಳುತ್ತಿತ್ತು. ಹಾಗಾಗಿ ವಿಮಾನ ಮತ್ತು ಪಂದ್ಯದ ಕಾರುಗಳಲ್ಲಿ ಅಭ್ರಕದ ತೆಳು ಹಾಳೆಗಳನ್ನು ಸುತ್ತಿ ಮಾಡಿದ ಪ್ಲಗ್ ಬಂತು. ಆ ಕಾಲದಲ್ಲಿ ಹಾಳೆ ಅಭ್ರಕಕ್ಕೆ ಜಗತ್ತು ಬಹುಪಾಲು ನಮ್ಮ ದೇಶವನ್ನೇ, ಅದರಲ್ಲೂ ಈಗ ಜಾರ್ಖಂಡಿನಲ್ಲಿರುವ ಕೊಡರ್ಮಾದ ಸುತ್ತಿನ ಗಣಿಗಳನ್ನು ನೆಚ್ಚಿತ್ತು. ಅಭ್ರಕ ಸೀಳಲಿಲ್ಲ, ಆದರೆ ಹಾಳೆಗಳ ನಡುವೆ ಎಣ್ಣೆ ಇಳಿದು ಕಿಡಿ ಸೋರುತ್ತಿತ್ತು. 1930ರ ದಶಕದಲ್ಲಿ ಅಲ್ಯೂಮಿನಿಯಂ ಆಕ್ಸೈಡ್ ಪುಡಿಯನ್ನು ಅಧಿಕ ಉಷ್ಣತೆಯಲ್ಲಿ ಸುಟ್ಟು ಗಟ್ಟಿಮಾಡುವ ವಿದ್ಯೆ ಕೈಗೆ ಬಂತು. ಮಾಣಿಕ್ಯ, ನೀಲ ಮಣಿಗಳ ಮೂಲವಸ್ತು ಇದೇ! ಬಿಸಿಯನ್ನು ಪಿಂಗಾಣಿಗಿಂತ ಹಲವು ಪಟ್ಟು ಚೆನ್ನಾಗಿ ಸಾಗಿಸುತ್ತದೆ, ಬಿರುಕು ಬಿಡುವುದು ಕಡಿಮೆ. ಇಂದಿಗೂ ಪ್ಲಗ್ಗಿನ ಬಿಳಿ ಭಾಗ ಇದರದೇ. ನಾವು ರೂಢಿಯಿಂದ ಪಿಂಗಾಣಿ ಎನ್ನುತ್ತೇವೆ, ಅಷ್ಟೆ.

ನಮ್ಮಲ್ಲಿ 1951ರಲ್ಲಿ ಬೆಂಗಳೂರಿನಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಸ್ಥಾಪನೆಯಾಯಿತು. ಅದರ 'ಮೈಕೋ' ಪ್ಲಗ್ ಹಳ್ಳಿ ಹಳ್ಳಿಯ ಅಂಗಡಿಗೂ ಹೋಯಿತು. (ಕಂಪನಿಯ ಹೆಸರು 2008ರಲ್ಲಿ ಬಾಷ್ ಲಿಮಿಟೆಡ್ ಎಂದಾಯಿತು.) ಬಸ್ಸು, ಲಾರಿ, ನೀರೆತ್ತುವ ದೊಡ್ಡ ಎಂಜಿನ್ನುಗಳು ಡೀಸೆಲ್ಲಿಗೆ ತಿರುಗಿದವು. ಡೀಸೆಲ್ ಎಂಜಿನ್ನಿನಲ್ಲಿ ಒತ್ತಿದ ಗಾಳಿಯ ಬಿಸಿಗೇ ಇಂಧನ ಹೊತ್ತಿಕೊಳ್ಳುವುದರಿಂದ ಅಲ್ಲಿ ಸ್ಪಾರ್ಕ್ ಪ್ಲಗ್ಗಿನ ಪ್ರಶ್ನೆಯೇ ಇಲ್ಲ. ಹಾಗಾದರೆ ಪ್ಲಗ್ಗಿನ ವಿದ್ಯೆಯನ್ನು ಊರೂರಿಗೆ ಕಲಿಸಿದ್ದು ಯಾವುದು? ನನ್ನ ಮಟ್ಟಿಗೆ ಅದು ಕಾರಲ್ಲ, ಎರಡು ಹೊಡೆತದ ದ್ವಿಚಕ್ರ ವಾಹನ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿಗಳು (ಕಾರ್ಖಾನೆ 1996ರಲ್ಲಿ ಮುಚ್ಚಿತು), 1972ರಲ್ಲಿ ಬಂದ ಲೂನಾ, ಬಜಾಜ್ ಸ್ಕೂಟರುಗಳು. ಇವುಗಳಲ್ಲಿ ಪೆಟ್ರೋಲಿನೊಂದಿಗೆ ಎಣ್ಣೆಯೂ ಉರಿಯುತ್ತಿತ್ತು. ಉರಿಯದೆ ಉಳಿದ ಎಣ್ಣೆ ಮಸಿಯಾಗಿ ಪ್ಲಗ್ಗಿನ ಮೂಗಿನ ಮೇಲೆ ಕೂರುತ್ತಿತ್ತು. ಮಸಿ ಇಂಗಾಲ, ಅದು ವಿದ್ಯುದ್ವಾಹಕ. ಕಿಡಿ ಅಂತರ ಜಿಗಿಯುವ ಬದಲು ಮಸಿಯ ದಾರಿಯಲ್ಲೇ ಸೋರಿಹೋಗುತ್ತಿತ್ತು. ಪೆಟ್ರೋಲಿಗೆ ಸೀಮೆಎಣ್ಣೆ ಬೆರೆತಿದ್ದರಂತೂ ಕೇಳುವುದೇ ಬೇಡ.

ಪರಿಹಾರ ಎಲ್ಲರಿಗೂ ಗೊತ್ತಿತ್ತು. ಟೂಲ್ ಪೆಟ್ಟಿಗೆಯಲ್ಲಿ ಒಂದು ಪ್ಲಗ್ ಪಾನಾ, ಒಂದು ಹಳೆ ಪ್ಲಗ್, ಒಂದು ತುಂಡು ಪಾಲಿಷ್ ಕಾಗದ. ಬಿಚ್ಚು, ಕೆರೆ, ಊದು, ಎಂಜಿನ್ನಿನ ಮೈಗೆ ತಾಗಿಸಿ ಕಿಕ್ ಹೊಡೆದು ನೀಲಿ ಕಿಡಿ ಬರುತ್ತದೆಯೇ ನೋಡು, ಮತ್ತೆ ಹಾಕು. ಕಾಲೇಜು ಹುಡುಗರು, ಹಾಲಿನವರು, ತಂಬಾಕಿನ ವ್ಯಾಪಾರಿಗಳು, ಶಾಲಾ ಮೇಷ್ಟ್ರುಗಳು ಎಲ್ಲರೂ ಈ ಶಾಸ್ತ್ರದಲ್ಲಿ ಪಳಗಿದವರೇ. ಪ್ಲಗ್ಗಿನ ಮೂಗು ಕಂದು ಬಣ್ಣವಿದ್ದರೆ ಎಂಜಿನ್ ಕ್ಷೇಮ, ಒಣ ಮಸಿಯಿದ್ದರೆ ಪೆಟ್ರೋಲ್ ಹೆಚ್ಚು, ಜಿಡ್ಡಿದ್ದರೆ ಎಣ್ಣೆ ಹೆಚ್ಚು, ಸುಣ್ಣದಂತೆ ಬೆಳ್ಳಗಾಗಿದ್ದರೆ ಅತಿ ಬಿಸಿ ಎಂದು ನಾಡಿ ನೋಡಿದಂತೆ ಹೇಳುತ್ತಿದ್ದರು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿ. ಪ್ಲಗ್ ಪದೇ ಪದೇ ಕೆಡುತ್ತಿದ್ದುದರಿಂದ ಪದೇ ಪದೇ ಬಿಚ್ಚುತ್ತಿದ್ದರು. ಪದೇ ಪದೇ ಬಿಚ್ಚುತ್ತಿದ್ದುದರಿಂದ ಅದರ ಆಟೆಗಳು ಹೆಡ್ಡಿಗೆ ಕಚ್ಚಿಕೊಳ್ಳಲು ಸಮಯವೇ ಸಿಗುತ್ತಿರಲಿಲ್ಲ! ಸಣ್ಣ ಕಾಯಿಲೆಯೇ ದೊಡ್ಡ ಕಾಯಿಲೆಗೆ ತಡೆಯಾಗಿತ್ತು. ಸಾಲದ್ದಕ್ಕೆ ಪ್ಲಗ್ ಎಂಜಿನ್ನಿನ ಹೊರಮೈಯಲ್ಲಿ, ಕೈಗೆಟಕುವಂತೆ ಇರುತ್ತಿತ್ತು. ಅಂಬಾಸಿಡರ್ ಕಾರಿನ ಹೆಡ್ ಎರಕದ ಕಬ್ಬಿಣದ್ದಾದ್ದರಿಂದ ಆಟೆ ಸುಲಭವಾಗಿ ಹರಿಯುತ್ತಲೂ ಇರಲಿಲ್ಲ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಅದರ ಹೆಡ್ ಅಲ್ಯೂಮಿನಿಯಂ. ಹಗುರ, ಬಿಸಿಯನ್ನು ಬೇಗ ಚೆಲ್ಲುತ್ತದೆ, ಆದರೆ ಮೆತ್ತಗಿನ ಲೋಹ. 2000ದ ಫೆಬ್ರವರಿಯಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಂದು, ಪ್ಲಗ್ಗಿನ ಮೇಲೆ ಕೂರುತ್ತಿದ್ದ ಸೀಸದ ಲೇಪ ಇಲ್ಲವಾಯಿತು. ಕಾರ್ಬ್ಯುರೇಟರಿನ ಜಾಗಕ್ಕೆ ಇಂಧನವನ್ನು ಅಳೆದು ಚಿಮ್ಮಿಸುವ ವ್ಯವಸ್ಥೆ ಬಂದು ಮಸಿಯೂ ತಗ್ಗಿತು. 2020ರ ಏಪ್ರಿಲಿನಿಂದ ಬಿಎಸ್-6 ನಿಯಮ ಜಾರಿಯಾದ ಮೇಲೆ ದ್ವಿಚಕ್ರ ವಾಹನಗಳಿಗೂ ಇದೇ ವ್ಯವಸ್ಥೆ. ವಿದ್ಯುದಗ್ರದ ತುದಿಗೆ ನಿಕ್ಕಲ್ ಮಿಶ್ರಲೋಹದ ಬದಲು ಪ್ಲಾಟಿನಂ, ಇರಿಡಿಯಂ ಬಂದವು. ಇರಿಡಿಯಂ ಕರಗುವುದು 2,400 ಡಿಗ್ರಿ ದಾಟಿದ ಮೇಲೆ. ಇಂಥ ಪ್ಲಗ್ಗುಗಳಲ್ಲಿ ಕೆಲವು 1 ಲಕ್ಷ ಕಿ.ಮೀ.ವರೆಗೂ ಬಾಳುತ್ತವೆ. ಗಂಟೆಗೆ 50 ಕಿ.ಮೀ. ವೇಗ, ನಿಮಿಷಕ್ಕೆ 2,000 ಸುತ್ತು ಎಂದು ಲೆಕ್ಕ ಹಾಕಿ ನೋಡಿ: ಒಂದೊಂದು ಪ್ಲಗ್ಗೂ 12 ಕೋಟಿ ಸಲ ಕಿಡಿ ಹಾರಿಸಿರುತ್ತದೆ.

ಎಂಥ ಸಾಧನೆ! ಆದರೆ ಆ ಐದೋ ಹತ್ತೋ ವರ್ಷ ಯಾರೂ ಅದನ್ನು ಬಿಚ್ಚಿರುವುದಿಲ್ಲ. ಉಕ್ಕಿನ ಆಟೆ, ಅಲ್ಯೂಮಿನಿಯಂ ಹೆಡ್ಡು. ಬೇರೆ ಬೇರೆ ಲೋಹಗಳ ನಡುವೆ ಮಳೆಗಾಲದ ಒಂದಿಷ್ಟು ನೀರು ಸೇರಿದರೆ ಅದೇ ಒಂದು ಪುಟ್ಟ ವಿದ್ಯುತ್ಕೋಶ. ಲೋಹ ಸವೆದು, ಸವೆದ ಪುಡಿ ಆಟೆಗಳ ಸಂದಿಯಲ್ಲಿ ಗಾರೆಯಂತೆ ಗಟ್ಟಿಯಾಗುತ್ತದೆ. ಇನ್ನು ಪ್ಲಗ್ಗಿನ ಆಕಾರವೂ ಬದಲಾಗಿದೆ. ಒಂದು ಸಿಲಿಂಡರಿಗೆ ನಾಲ್ಕು ಕವಾಟ ಕೂರಿಸಬೇಕಾದಾಗ ಪ್ಲಗ್ಗಿಗೆ ಉಳಿಯುವ ಜಾಗ ಕಡಿಮೆ. ಹೀಗಾಗಿ ಆಟೆಯ ವ್ಯಾಸ 14 ಮಿ.ಮೀ.ನಿಂದ 12ಕ್ಕೆ, ಕೆಲವು ಎಂಜಿನ್ನುಗಳಲ್ಲಿ 10ಕ್ಕೆ ಇಳಿದಿದೆ; ಉದ್ದ ಹೆಚ್ಚಿದೆ; ಪ್ಲಗ್ ಆಳವಾದ ಬಾವಿಯೊಳಗೆ ಕೂತಿದೆ. ಘನವಾದ ಸರಳೊಂದು ತಿರುಚುವಿಕೆಯನ್ನು ತಡೆಯುವ ಶಕ್ತಿ ಅದರ ವ್ಯಾಸದ ಘನಕ್ಕೆ ಅನುಪಾತದಲ್ಲಿರುತ್ತದೆ. ವ್ಯಾಸ 14ರಿಂದ 10ಕ್ಕೆ ಇಳಿದರೆ ಆ ಶಕ್ತಿ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಉಳಿಯುತ್ತದೆ, ಅಷ್ಟೆ. ಪ್ಲಗ್ಗಿನ ಉಕ್ಕಿನ ಚಿಪ್ಪು ಟೊಳ್ಳಾದ್ದರಿಂದ ಲೆಕ್ಕ ನಿಖರವಾಗಿ ಹೀಗೇ ಅಲ್ಲದಿದ್ದರೂ, ಹಳೆ ಪ್ಲಗ್ಗಿಗೆ ಹಾಕುತ್ತಿದ್ದ ಬಲವನ್ನೇ ಇದಕ್ಕೂ ಹಾಕಿದರೆ ಏನಾಗುತ್ತದೆಂದು ಈಗ ನಿಮಗೆ ಹೊಳೆದಿರಬೇಕು.

ಇದು ನಮ್ಮ ಮಿಸ್ತ್ರಿಗಳ ಕೈಗುಣದ ದೋಷ ಎಂದು ಬಗೆಯಬೇಡಿ. ಇದರ ಅತ್ಯಂತ ಪ್ರಸಿದ್ಧ ಪ್ರಕರಣ ನಡೆದದ್ದು ಅಮೆರಿಕದಲ್ಲಿ. ಫೋರ್ಡ್ ಕಂಪನಿಯ 5.4 ಲೀಟರಿನ, ಸಿಲಿಂಡರಿಗೆ ಮೂರು ಕವಾಟಗಳ ಟ್ರೈಟನ್ ಎಂಜಿನ್ನಿಗೆ 2004ರಿಂದ 2008ರವರೆಗಿನ ಮಾದರಿಗಳಲ್ಲಿ ಎರಡು ತುಂಡು ಜೋಡಿಸಿ ಮಾಡಿದ ಉದ್ದ ಮೂತಿಯ ಪ್ಲಗ್ ಹಾಕಲಾಗಿತ್ತು. ಆ ಮೂತಿಗೂ ಹೆಡ್ಡಿಗೂ ನಡುವಿನ ಕಿರುಸಂದಿಯಲ್ಲಿ ಇಂಗಾಲ ತುಂಬಿ ಗಟ್ಟಿಯಾಗುತ್ತಿತ್ತು. ಬಿಚ್ಚಲು ಹೋದರೆ ಮೇಲಿನ ಭಾಗ ಬರುತ್ತಿತ್ತು, ಮೂತಿ ಒಳಗೇ ಉಳಿಯುತ್ತಿತ್ತು. ಒಂದು ಎಂಜಿನ್ನಿಗೆ ಎಂಟು ಪ್ಲಗ್! ಕೊನೆಗೆ ಕಂಪನಿಯೇ ಬಿಚ್ಚುವ ಕ್ರಮವನ್ನು ಬರೆದು ಕಳಿಸಿತು: ಎಂಜಿನ್ ತಣಿದಿರಲಿ, ಪ್ಲಗ್ಗನ್ನು ಕೂದಲೆಳೆಯಷ್ಟು ಸಡಿಲಿಸಿ ನಿಲ್ಲಿಸಿ, ಬಾವಿಗೆ ಇಂಗಾಲ ಕರಗಿಸುವ ದ್ರಾವಣ ಬಿಟ್ಟು ಕಾಯಿರಿ, ಅನಂತರ ಹಿಂದೆ ಮುಂದೆ ಆಡಿಸುತ್ತ ಬಿಚ್ಚಿ. ಒಳಗುಳಿದ ಮೂತಿಯನ್ನು ಎಳೆಯಲೆಂದೇ ಬೇರೆ ಸಾಧನ ತಯಾರಾಯಿತು. ಮಾಲೀಕರು ನ್ಯಾಯಾಲಯಕ್ಕೂ ಹೋದರು. ಅನಂತರ ಪ್ಲಗ್ಗಿನ ವಿನ್ಯಾಸ ಬದಲಾಯಿತು.

ಆ ಕ್ರಮದಲ್ಲಿ ಹೊಸದೇನೂ ಇಲ್ಲ. ತಾಳ್ಮೆಯನ್ನು ಹಂತ ಹಂತವಾಗಿ ಬರೆದಿದ್ದಾರೆ ಅಷ್ಟೆ. ಎಂಜಿನ್ ತಣಿದಿರಬೇಕು ಎನ್ನುವುದೇಕೆ? ಬಿಸಿಯಿದ್ದಾಗ ಅಲ್ಯೂಮಿನಿಯಂ ಇನ್ನಷ್ಟು ಮೆತ್ತಗಾಗಿ ಅದರ ಆಟೆ ಪ್ಲಗ್ಗಿನೊಂದಿಗೇ ಕಿತ್ತು ಬರಬಹುದು. ಹಾಕುವಾಗಲೂ ಹೀಗೆಯೇ. ಬಿಸಿ ಹೆಡ್ಡಿಗೆ ಪ್ಲಗ್ ಬಿಗಿದರೆ, ತಣಿಯುವಾಗ ಅಲ್ಯೂಮಿನಿಯಂ ಉಕ್ಕಿನ ಹೆಚ್ಚುಕಡಿಮೆ ಎರಡರಷ್ಟು ಕುಗ್ಗಿ ಪ್ಲಗ್ಗನ್ನು ಅಮುಕಿ ಹಿಡಿಯುತ್ತದೆ. ಹೊಸ ವಾಷರಿನ ಪ್ಲಗ್ಗನ್ನು ಬೆರಳಿನಿಂದ ಪೂರ್ತಿ ತಿರುಗಿಸಿ, ಅನಂತರ ಪಾನಾದಿಂದ ಅರ್ಧ ಸುತ್ತು ಅಥವಾ ತುಸು ಹೆಚ್ಚು ಬಿಗಿದರೆ ಸಾಮಾನ್ಯವಾಗಿ ಸಾಕು. ವಾಷರಿಲ್ಲದ, ಇಳಿಜಾರು ಕೂರಿನ ಪ್ಲಗ್ಗಿಗೆ ಸುತ್ತಿನ ಹದಿನಾರನೇ ಒಂದು ಭಾಗವೇ ಸಾಕು. "ಇನ್ನೊಂಚೂರು ಬಿಗೀಲಿ" ಎಂಬ ಆಸೆಯೇ ಮುಂದೊಂದು ದಿನ ಪ್ಲಗ್ ಮುರಿಯಲು ಕಾರಣವಾಗುವುದು.

ಮುರಿದೇ ಹೋಯಿತು ಎನ್ನಿ. ಮೊದಲ ನಿಯಮ, ಎಂಜಿನ್ನನ್ನು ತಿರುಗಿಸಬೇಡಿ. ಪಿಂಗಾಣಿಯ ಚೂರು ಒಳಗೆ ಬಿದ್ದಿದ್ದರೆ, ವಜ್ರದ ನಂತರದ ಸಾಲಿನಲ್ಲಿ ನಿಲ್ಲುವ ಆ ಗಟ್ಟಿ ವಸ್ತು ಸಿಲಿಂಡರಿನ ಗೋಡೆಯನ್ನು ಗೀಚಿಹಾಕುತ್ತದೆ. ಮೇಲಿನ ಪಿಂಗಾಣಿ ಮಾತ್ರ ಹೋಗಿ ಷಟ್ಕೋನದ ಲೋಹ ಉಳಿದಿದ್ದರೆ ಚಿಂತೆಯಿಲ್ಲ, ಪಾನಾ ಹಿಡಿಯುತ್ತದೆ. ಆಟೆಯ ಭಾಗ ಮಾತ್ರ ಉಳಿದಿದ್ದರೆ, ಒಳಗಿನ ಚೂರುಗಳನ್ನು ಗಾಳಿಯಿಂದ ಎಳೆದು ತೆಗೆದು, ಉಲ್ಟಾ ಆಟೆಯ ಹೊರಸೆಳೆಯುವ ಸಾಧನವನ್ನು ತೂರಿಸಿ ಎಡಕ್ಕೆ ತಿರುಗಿಸುತ್ತಾರೆ. ತಿರುಗಿಸಿದಷ್ಟೂ ಅದು ಕಚ್ಚುತ್ತದೆ, ಕಚ್ಚಿದಷ್ಟೂ ತುಂಡು ಹೊರಬರುತ್ತದೆ. ಆಟೆಯೇ ಹರಿದಿದ್ದರೆ ರಂಧ್ರವನ್ನು ದೊಡ್ಡದು ಮಾಡಿ, ಹೊಸ ಆಟೆ ತೆಗೆದು, ಒಳಗೆ ಲೋಹದ ಬುಷ್ ಕೂರಿಸಬೇಕು. ಕೈಪಳಗಿದ ಲೇತ್ ಕೆಲಸಗಾರ ಕೂರಿಸಿದ ಉಕ್ಕಿನ ಬುಷ್ ಮೂಲದ ಅಲ್ಯೂಮಿನಿಯಂ ಆಟೆಗಿಂತ ಗಟ್ಟಿಯಾಗಿರುವುದುಂಟು. ಹೊಸ ಹೆಡ್ಡೇ ಹಾಕಬೇಕು ಎಂದು ಯಾರಾದರೂ ದೊಡ್ಡ ಅಂದಾಜುಪಟ್ಟಿ ಕೊಟ್ಟರೆ, ಒಪ್ಪುವ ಮೊದಲು ಲೇತ್ ಅಂಗಡಿಯಲ್ಲಿ ಒಮ್ಮೆ ವಿಚಾರಿಸಿ.

ಇನ್ನೊಂದು ದುಬಾರಿ ಅಪಾಯವಿದೆ. ಒಂದು ಪ್ಲಗ್ ಸತ್ತಿದ್ದರೂ ಹಾಗೇ ಓಡಿಸಿದರೆ, ಆ ಸಿಲಿಂಡರಿನ ಪೆಟ್ರೋಲ್ ಉರಿಯದೆ ಹೊರಹೋಗಿ ಹೊಗೆಕೊಳವೆಯ ವೇಗವರ್ಧಕ ಪರಿವರ್ತಕದಲ್ಲಿ ಉರಿಯುತ್ತದೆ. ಪ್ಲಾಟಿನಂ ಗುಂಪಿನ ಲೋಹಗಳ ಲೇಪವಿರುವ ಆ ಜಾಲರಿ ಕರಗಿದರೆ ಬರುವ ಬಿಲ್ಲಿನ ಮುಂದೆ ಮುರಿದ ಪ್ಲಗ್ಗಿನ ಖರ್ಚು ಏನೂ ಅಲ್ಲ.

ಈಚೆಗೆ ಎಲ್ಲ ತೊಂದರೆಗೂ ಎಥನಾಲನ್ನು ದೂರುವುದು ರೂಢಿಯಾಗಿದೆ. ಕಬ್ಬಿನ ಸೀಮೆಯವರಾದ ನಿಮಗೆ ಇದು ದೂರದ ಮಾತಲ್ಲ. ಉಗಾರ ಖುರ್ದದಲ್ಲಿ 1939ರಷ್ಟು ಹಿಂದೆಯೇ ಸಕ್ಕರೆ ಕಂಪನಿ ಹುಟ್ಟಿತ್ತು. 2001ರಲ್ಲಿ ಪೆಟ್ರೋಲಿಗೆ ಎಥನಾಲ್ ಬೆರೆಸುವ ಪ್ರಯೋಗಕ್ಕೆ ದೇಶದಲ್ಲಿ ಆರಿಸಿದ ಮೂರು ಸ್ಥಳಗಳಲ್ಲಿ ಒಂದು ಮಿರಜ್. ಶೇ. 20 ಎಥನಾಲಿನ ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ. ಅದಕ್ಕೆಂದು ರೂಪಿಸದ ಹಳೆ ಗಾಡಿಗಳ ರಬ್ಬರ್ ಭಾಗಗಳಿಗೆ ತೊಂದರೆಯಾಗಬಹುದು, ಮೈಲೇಜೂ ತುಸು ಇಳಿಯುತ್ತದೆ. ಆದರೆ ಎಥನಾಲ್ ಪೆಟ್ರೋಲಿಗಿಂತ ಕಡಿಮೆ ಮಸಿ ಬಿಡುವ ಇಂಧನ. ಕಚ್ಚಿಕೊಂಡ ಪ್ಲಗ್ ಮುರಿದದ್ದಕ್ಕೆ ಅದನ್ನು ಹೊಣೆ ಮಾಡುವುದು ಸರಿಯಲ್ಲ.

ಹಳೆಯ ವಿದ್ಯೆಯಲ್ಲೂ ಕೆಲವನ್ನು ಈಗ ಬಿಡಬೇಕಾಗಿದೆ. ಇರಿಡಿಯಂ ಪ್ಲಗ್ಗಿನ ತುದಿ ಅರ್ಧ ಮಿಲಿಮೀಟರಿನಷ್ಟು ತೆಳು. ಪಾಲಿಷ್ ಕಾಗದ ಉಜ್ಜಿದರೆ, ಬ್ಲೇಡು ತೂರಿಸಿ ಅಂತರ ಹಿಗ್ಗಿಸಲು ಹೋದರೆ ತುದಿಯೇ ಹಾರಿಹೋಗುತ್ತದೆ. ಕೆಳಗೆ ಬಿದ್ದ ಪ್ಲಗ್ಗನ್ನು ಒರೆಸಿ ಹಾಕುವುದೂ ಬೇಡ. ಕಣ್ಣಿಗೆ ಕಾಣದ ಬಿರುಕು ಪಿಂಗಾಣಿಯಲ್ಲಿದ್ದರೆ ಕಿಡಿ ಅಲ್ಲೇ ಸೋರುತ್ತದೆ.

ಶಿಕ್ಷಕರು ಗ್ಯಾರೇಜಿನಿಂದ ನಾಲ್ಕಾರು ಹಳೆ ಪ್ಲಗ್ ಕೇಳಿ ತಂದು ತರಗತಿಯಲ್ಲಿ ಒಂದು ಪರೀಕ್ಷೆ ಮಾಡಿಸಬಹುದು. ರೇಡಿಯೊಗೆ ಕರಕರ ತಾಗದಿರಲೆಂದು ಬಹುತೇಕ ಪ್ಲಗ್ಗುಗಳೊಳಗೆ ಒಂದು ರೋಧಕ ಇರುತ್ತದೆ. ಪ್ಲಗ್ಗಿನ ಮೇಲಿನ ಸಂಕೇತದಲ್ಲಿ 'ಆರ್' ಅಕ್ಷರವಿದ್ದರೆ ಸಾಮಾನ್ಯವಾಗಿ ಅದರ ಗುರುತು. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಮೇಲಿನ ತುದಿಗೆ, ಇನ್ನೊಂದನ್ನು ಮಧ್ಯದ ವಿದ್ಯುದಗ್ರಕ್ಕೆ ತಾಗಿಸಿ. ಸುಮಾರು 5 ಕಿಲೋ ಓಮ್ ತೋರಿಸಬೇಕು. ಮುಳ್ಳು ಅಲುಗದಿದ್ದರೆ, ಅಥವಾ ಅಂಕಿಯೇ ಬಾರದಿದ್ದರೆ, ಹೊರಗೆ ಇಡಿಯಾಗಿ ಕಾಣುವ ಆ ಪ್ಲಗ್ ಒಳಗೆ ಎಲ್ಲೋ ಮುರಿದಿದೆ.